ಅಳಿವೆಗೆ ಮಳೆಗಾಲದ ಕೆಂಪು ನೀರೂ ಬೇಕು

ಮಾನ್ಯ ಸಂಪಾದಕರೇ,

ಬೇಡ್ತಿ–ವರದಾ ನದಿಗಳ ಜೋಡಣೆ, ನಮ್ಮ ಅಘನಾಶಿನಿ ನದಿಯನ್ನು ಬಯಲುಸೀಮೆಗೆ ತಿರುಗಿಸುವ ವಿಚಾರ ಎದ್ದಾಗಲೆಲ್ಲ ಅದರ ಪರವಾಗಿರುವವರು ಹೇಳುವ ಸಮಾಧಾನ ಒಂದೇ: ತೆಗೆಯುವುದು ಮಳೆಗಾಲದಲ್ಲಿ ಹೆಚ್ಚಾಗಿ ಹರಿಯುವ ನೀರನ್ನು ಮಾತ್ರ, ಬೇಸಿಗೆಯ ಹರಿವನ್ನು ಮುಟ್ಟುವುದಿಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನದಿ ತನ್ನ ಹೂಳು, ಮರಳಿನ ಬಹುಪಾಲನ್ನು ಕಡಲಿಗೆ ಸಾಗಿಸುವುದು ಮಳೆಗಾಲದ ಕೆಂಪು ನೆರೆಯಲ್ಲೇ. ಬೇಸಿಗೆಯ ತಿಳಿನೀರಿಗೆ ಆ ಕಸುವಿಲ್ಲ.

ಶಿರಸಿಯ ಸುತ್ತ ಹುಟ್ಟಿ, ದೊಡ್ಡ ಅಣೆಕಟ್ಟು ಒಂದೂ ಅಡ್ಡ ಬಾರದೆ ತದಡಿಯ ಬಳಿ ಕಡಲು ಸೇರುವ ಅಘನಾಶಿನಿಯಲ್ಲಿ ಈ ಕೆಲಸ ಕಣ್ಣಿಗೆ ಕಾಣುತ್ತದೆ. ನದಿ ಕಡಲನ್ನು ಕೂಡುವ ಅಳಿವೆಯಲ್ಲಿ, ಹಗುರವಾದ ಸಿಹಿನೀರು ಮೇಲೆ ಹರಿಯುತ್ತ, ಭಾರವಾದ ಉಪ್ಪುನೀರು ತಳದಲ್ಲಿ ಒಳನುಗ್ಗುವಲ್ಲಿ, ತೇಲಿಬಂದ ಜೇಡಿಯ ಕಣಗಳು ಉಪ್ಪು ತಾಗಿದೊಡನೆ ಒಂದಕ್ಕೊಂದು ಅಂಟಿ ಕೆಳಗಿಳಿಯುತ್ತವೆ; ಹಾಗೆ ಕೂತ ಕೆಸರನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳು ಹಿಡಿದಿಡುತ್ತವೆ. ಮಳೆನೀರು ಗಜನಿಯ, ಅಂದರೆ ಅಳಿವೆಯಂಚಿನ ಉಪ್ಪುನೀರು ನುಗ್ಗುವ ಗದ್ದೆಗಳ, ಉಪ್ಪನ್ನು ತೊಳೆದ ಮೇಲೆ ಬಿತ್ತುವ ಕಗ್ಗ ಭತ್ತಕ್ಕೆ ಗೊಬ್ಬರ ಹಾಕುವ ರೂಢಿಯಿಲ್ಲ, ನೆರೆ ತಂದ ಮಣ್ಣೇ ಅದಕ್ಕೆ ಸಾರ. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ಬಾಗಿ, ಕೆಸರು ತಡಕಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವ ಹೆಂಗಸರ ದುಡಿಮೆಗೂ ಇದೇ ತಳವೇ ಆಧಾರ.

ಪಕ್ಕದ ಶರಾವತಿಯದು ಬೇರೆಯೇ ಸ್ಥಿತಿ. 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆಯ ಅಣೆಕಟ್ಟು ಬಂದ ಬಳಿಕ ಹೂಳು ಬಹುಮಟ್ಟಿಗೆ ಜಲಾಶಯಗಳಲ್ಲೇ ನಿಲ್ಲುತ್ತದೆ; ವಿದ್ಯುತ್ ಉತ್ಪಾದಿಸಿ ಬಿಡುವ ನೀರು ಮಾತ್ರ ಬೇಸಿಗೆಯಲ್ಲೂ ಇಳಿದುಬರುತ್ತಲೇ ಇರುತ್ತದೆ. ಸಿಹಿನೀರು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಬೇಸಿಗೆಯಲ್ಲಿ ಏರಬೇಕಾದ ಉಪ್ಪಿನಂಶ ಏರದೆ, ಹೊನ್ನಾವರದ ಅಳಿವೆಯಲ್ಲಿ ಚಿಪ್ಪುಜೀವಿಗಳೂ ಮೀನಿನ ಬಗೆಗಳೂ ಅಘನಾಶಿನಿಗಿಂತ ಕಡಿಮೆಯಾಗಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಅಳಿವೆಗೆ ಎಷ್ಟು ನೀರು ಬಂತು ಎಂಬುದರಷ್ಟೇ ಮುಖ್ಯವಾದದ್ದು, ಅದು ಯಾವ ತಿಂಗಳಲ್ಲಿ, ಎಷ್ಟು ಮಣ್ಣು ಹೊತ್ತು ಬಂತು ಎಂಬುದು. ನದಿ ತಿರುವಿನ ಯೋಜನೆಗಳ ಮಾತುಕತೆಯಲ್ಲಿ ಟಿಎಂಸಿ ಲೆಕ್ಕ ಎದ್ದು ಕಾಣುತ್ತದೆ, ಮಣ್ಣಿನ ಲೆಕ್ಕ ಅಪರೂಪ.

ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದೆ. ಹೀಗಿರುವಾಗ, ಈ ನದಿಯಿಂದ ಇಷ್ಟು ನೀರು ತೆಗೆಯಬಹುದೆಂದು ನಿರ್ಧರಿಸುವ ಮೊದಲು ಸರ್ಕಾರವು ಹೂಳಿನ ಪ್ರಮಾಣವನ್ನೂ ಅಳಿವೆಯ ತಿಂಗಳುವಾರು ಉಪ್ಪಿನಂಶವನ್ನೂ ಅಳೆಸಿ, ಆ ವರದಿಯನ್ನು ಕನ್ನಡದಲ್ಲಿ ಕುಮಟಾ ತಾಲ್ಲೂಕಿನ ಗ್ರಾಮಸಭೆಗಳ ಮುಂದಿಡಬೇಕೆಂದು ವಿನಂತಿಸುತ್ತೇನೆ.

– ಓದುಗ, ಕುಮಟಾ