ಗುರುಗುಟ್ಟುವ ನಾಯಿಯ ಬಗ್ಗೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಬಳಿ ಸಾಕುನಾಯಿಯೊಂದು ಮಗುವೊಂದರ ಕೈ ಕಚ್ಚಿದ್ದು ನಿಮಗೆಲ್ಲ ಗೊತ್ತೇ ಇದೆ. ಮಗುವಿನ ಕೈ ವಾಸಿಯಾಗುತ್ತಿದೆ. ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆ ಹಾಕಿಸಲಾಯಿತು. ಶಾಲೆ ಬಿಡುವಾಗ ಸಾಕುನಾಯಿಗಳನ್ನು ಗೇಟಿಗೆ ಕರೆತರಬಾರದೆಂಬ ಹೊಸ ನಿಯಮವನ್ನು ಎಲ್ಲರೂ ಒಪ್ಪಿದ್ದೀರಿ.

ತಕರಾರು ಬಂದಿರುವುದು ಆಮೇಲೆ ನಾವು ಮಾಡಿದ ಪಾಠದ ಬಗ್ಗೆ. “ಗುರುಗುಟ್ಟುವ ನಾಯಿಯನ್ನು ಗದರಬಾರದು ಅಂತ ಹೇಳಿಕೊಟ್ಟಿದ್ದೀರಂತೆ, ಕಚ್ಚುವ ನಾಯಿಯ ಪರ ವಹಿಸುತ್ತೀರಾ?” ಎಂದು ಕೆಲವರು ಕೇಳಿದ್ದೀರಿ. ಆ ಸಂಕಟ ನನಗೆ ಅರ್ಥವಾಗುತ್ತದೆ.

ಅಂದು ನಾನು ಗೇಟಿನಲ್ಲೇ ನಿಂತಿದ್ದೆ. ಮಗು ಅಕ್ಕರೆಯಿಂದ ನಾಯಿಯ ಕೊರಳು ತಬ್ಬಿಕೊಂಡಿತು. ನಾಯಿ ಮುಖ ಆಚೆ ತಿರುಗಿಸಿತು. ಮೂಗು ನೆಕ್ಕಿಕೊಂಡಿತು, ಆಕಳಿಸಿತು. ಕಣ್ಣಂಚಿನಲ್ಲಿ ಬಿಳಿ ಕಾಣಿಸಿತು, ಮೈ ಸೆಟೆದುಕೊಂಡಿತು. ಬಾಲ ಮಾತ್ರ ಅಲ್ಲಾಡುತ್ತಲೇ ಇತ್ತು. ಅದನ್ನು ನೋಡಿ ಖುಷಿಯಾಗಿದೆ ಎಂದುಕೊಂಡೆವು. ಗುರುಗುಟ್ಟಿದಾಗ ಯಾರೋ “ಏಯ್, ಸುಮ್ನಿರು” ಎಂದು ಗದರಿದರು. ಮಗುವನ್ನು ಯಾರೂ ಬಿಡಿಸಲಿಲ್ಲ, ನಾನೂ ಬಿಡಿಸಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಗುರುಗುಟ್ಟುವಾಗ ನಾಯಿ ‘ದೂರ ಸರಿ’ ಎನ್ನುತ್ತಿರುತ್ತದೆ. ಬೈದು, ಹೊಡೆದು ಬಾಯಿ ಮುಚ್ಚಿಸಿದರೆ ಸದ್ದು ಅಡಗುತ್ತದೆ, ಭಯ ಹಾಗೇ ಉಳಿಯುತ್ತದೆ. ಮುಂದಿನ ಸಲ ಸದ್ದಿಲ್ಲದೆ ಬಾಯಿ ಹಾಕಬಹುದು. ಕಚ್ಚಿದ್ದು ಸರಿ ಎಂದು ನಾವು ಹೇಳುತ್ತಿಲ್ಲ. ನಿಮ್ಮ ನಾಯಿ ಸಾಧು ಎಂಬುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಸಾಧು ನಾಯಿಗೂ ಒಂದು ಹಂತದಲ್ಲಿ ಸಾಕೆನಿಸುತ್ತದೆ, ಮೈಯಲ್ಲಿ ನೋವಿದ್ದರಂತೂ ಬೇಗ. ಎಚ್ಚರಿಸುವ ನಾಯಿಯನ್ನು ಎಚ್ಚರಿಸಿದ್ದಕ್ಕಾಗಿ ಗದರಬಾರದು ಎಂಬ ಮಾತನ್ನು ಮಕ್ಕಳಿಗೆ ಮತ್ತೆ ಹೇಳುತ್ತೇವೆ. ಈ ಪಾಠ ನಿಲ್ಲುವುದಿಲ್ಲ, ದಯವಿಟ್ಟು ಬೇಸರಿಸಬೇಡಿ.

ಬೆಕ್ಕಿನ ಬಗ್ಗೆಯೂ ಹೇಳಿಕೊಟ್ಟೆವು: ಕಿವಿ ಚಪ್ಪಟೆಯಾದರೆ, ಬಾಲ ಪಟಪಟ ಬಡಿದರೆ ಕೈ ಹಿಂದಕ್ಕೆ ತೆಗೆಯಬೇಕು, ಹೊಟ್ಟೆ ಮೇಲೆ ಮಾಡಿ ಮಲಗಿದ ಬೆಕ್ಕು ಹೊಟ್ಟೆ ಸವರು ಎಂದು ಕೇಳುತ್ತಿದೆ ಎಂದುಕೊಳ್ಳಬಾರದು. ಆಗ ಮೂರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸವರುವಾಗ ನಮ್ಮ ಬೆಕ್ಕಿನ ಬೆನ್ನು ಅದುರತ್ತೆ ಮಿಸ್, ನಾನು ಚಳಿ ಅಂದ್ಕೊಂಡಿದ್ದೆ” ಎಂದಳು. ಮರುದಿನ ಬಂದು, ಬೆನ್ನು ಅದುರಿದ ಕೂಡಲೇ ಕೈ ತೆಗೆದೆ, ಬೆಕ್ಕು ಎದ್ದುಹೋಗದೆ ಪಕ್ಕದಲ್ಲೇ ಮಲಗಿತು ಎಂದು ಹೇಳಿದಳು.

ಮನೆಯಲ್ಲಿ ನಾಯಿ ಗುರುಗುಟ್ಟಿದರೆ, ಮೊದಲು ಮಗುವನ್ನು ಮೆಲ್ಲಗೆ ಈಚೆ ಕರೆದುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ