ಕವರ್ ಪ್ರಿಂಟಿಗೆ ಕೊಡುವ ಮುಂಚೆ

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಪೇಡಾ, ತುಪ್ಪ ಎರಡೂ ತಲುಪಿದವು. ಪೇಡಾ ಹದವಾಗಿದೆ, ಸಿಹಿ ಜಾಸ್ತಿ ಇಲ್ಲ. ತುಪ್ಪವಂತೂ ಮರಳು ಮರಳಾಗಿ ಘಮ್ ಅನ್ನುತ್ತಿದೆ. ಇದಕ್ಕೆ ಗಿರಾಕಿ ಸಿಕ್ಕೇ ಸಿಗುತ್ತಾರೆ. ಅದಕ್ಕೇ ಹೆಸರಿನ ವಿಷಯ ಈಗಲೇ ಬರೆಯುತ್ತಿದ್ದೇನೆ. ವ್ಯಾಪಾರ ಕುದುರದಿದ್ದರೆ ಹೆಸರಿನ ತಕರಾರು ಯಾರೂ ತೆಗೆಯುವುದಿಲ್ಲ. ನೋಟಿಸ್ ಬರೋದು ನಾಲ್ಕು ಊರಿನ ಅಂಗಡಿಗಳಲ್ಲಿ ಮಾಲು ಓಡೋಕೆ ಶುರುವಾದ ಮೇಲೆ.

'ನಂದನಿ' ಅಂತ ಹೆಸರಿಟ್ಟಿದ್ದೀಯ. ನಂದಿನಿ ತುಪ್ಪದ ಕವರ್ ಮತ್ತು ನಿನ್ನ ಕವರನ್ನು ಅಕ್ಕಪಕ್ಕ ಇಟ್ಟು ಫೋಟೋ ತೆಗೆದು, ಬೇರೆ ಕಾಣುವ ಕಡೆಯೆಲ್ಲ ಕೆಂಪು ಸುತ್ತು ಹಾಕಿ ಕಳಿಸಿದ್ದೀಯ. ಬಣ್ಣ ಬೇರೆ, ಅಕ್ಷರ ಬೇರೆ, ಹಸುವಿನ ಬದಲು ಬೆಣ್ಣೆ ಗಡಿಗೆ. ಆದರೆ ಪುಟ್ಟಿ, ಹೀಗೆ ಅಕ್ಕಪಕ್ಕ ಇಟ್ಟು ನೋಡೋದೇ ಸರಿಯಲ್ಲ. ಅಂಗಡಿಗೆ ಬರುವವರ ಕೈಯಲ್ಲಿ ಎರಡು ಕವರ್ ಇರೋದಿಲ್ಲ. ಕಣ್ಣೆದುರು ಒಂದು ಇರುತ್ತದೆ, ಇನ್ನೊಂದರದು ಅರೆಬರೆ ನೆನಪು ಅಷ್ಟೇ. ಆ ನೆನಪಿನಲ್ಲೇ ಅವರು ಮೋಸ ಹೋಗುತ್ತಾರಾ ಅಂತ ಕೋರ್ಟು ನೋಡುತ್ತದೆ.

ನಮ್ಮ ಮೈಸೂರಿನದೇ ಒಂದು ಹಳೇ ಕೇಸಿದೆ. ಪಾರ್ಲೆ ಗ್ಲುಕೋ ಬಿಸ್ಕತ್ತಿನ ಕಾಗದದ ಮೇಲೆ ಹಟ್ಟಿಯ ಅಂಗಳದ ಚಿತ್ರ ಇತ್ತು. ನಡುವೆ ನೀರಿನ ಬಕೆಟ್ ಹಿಡಿದ ಹುಡುಗಿ, ಸುತ್ತ ಹಸು, ಕೋಳಿ. ಮೈಸೂರಿನ ಜೆ.ಪಿ. ಅಂಡ್ ಕೋ ಅನ್ನುವವರ ಗ್ಲುಕೋಸ್ ಬಿಸ್ಕತ್ತಿನ ಕಾಗದದ ಮೇಲೂ ಒಬ್ಬ ಹುಡುಗಿ. ಇವಳ ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು, ಬುತ್ತಿಗಂಟು. ಸುತ್ತ ಅದೇ ಹಸು, ಕೋಳಿ. ನೀನು ಕೆಂಪು ಸುತ್ತು ಹಾಕಿದ ಹಾಗೆ ಹಾಕುತ್ತಾ ಹೋದರೆ ವ್ಯತ್ಯಾಸ ಬೇಕಾದಷ್ಟು ಸಿಗುತ್ತಿತ್ತು. ಕೆಳಗಿನ ಕೋರ್ಟುಗಳಲ್ಲಿ ಪಾರ್ಲೆ ಸೋತಿತ್ತು. 1972ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಕಾಗದದ ಅಳತೆ, ಬಣ್ಣ, ಒಟ್ಟು ಚಿತ್ರದ ಸ್ವರೂಪ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಒಂದನ್ನು ಕೊಂಡು ಅಭ್ಯಾಸವಿರುವವರ ಕೈಗೆ ಇನ್ನೊಂದನ್ನು ಕೊಟ್ಟರೆ ಸುಮ್ನೆ ತಗೊಂಡು ಹೋಗಬಹುದು, ಅಷ್ಟು ಸಾಕು ಅಂದರು. ನಾನು ವಕೀಲರ ಆಫೀಸಿನಲ್ಲಿ ಟ್ರೇಡ್‌ಮಾರ್ಕ್ ಕೆಲಸ ನೋಡುತ್ತಿದ್ದಾಗ ಹೊಸಬರಿಗೆಲ್ಲ ಮೊದಲು ಓದಿಸುತ್ತಿದ್ದದ್ದು ಇದನ್ನೇ.

ನಿನ್ನ ಹೆಸರಿಗೆ ಕಣ್ಣಿಗಿಂತ ಕಿವಿಯದು ದೊಡ್ಡ ಸಮಸ್ಯೆ. ಒಂದು ಸಂಜೆ ಯಾವುದಾದರೂ ದಿನಸಿ ಅಂಗಡಿ ಮುಂದೆ ನಿಂತು ನೋಡು. ಗಾಡಿಯಿಂದ ಇಳಿಯದೆಯೇ ಒಬ್ಬರು "ಅರ್ಧ ಲೀಟರ್ ನಂದಿನಿ ತುಪ್ಪ" ಅಂತ ಕೂಗುತ್ತಾರೆ. ಹುಡುಗ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ಹಾಕುತ್ತಾನೆ. ಅವರು ಕವರ್ ನೋಡೋದು ಮನೆಗೆ ಹೋದ ಮೇಲೆ. ಈಗ 'ನಂದಿನಿ', 'ನಂದನಿ' ಎರಡನ್ನೂ ಬೇಗ ಬೇಗ ಹೇಳು. ನಡುವಿನ ಗುಡಿಸು ಎಲ್ಲಿ ಉಳಿಯಿತು?

ಹೆಸರನ್ನು ಬಿಡಿಸಿ ಅರ್ಥ ಹೇಳಿದರೂ ಉಪಯೋಗವಿಲ್ಲ. 1962ರ ಅಮೃತಧಾರಾ ಕೇಸು ಅದಕ್ಕೇ ಹೇಳುತ್ತೇನೆ. ತಲೆನೋವು, ಹೊಟ್ಟೆನೋವಿಗೆ ಕೊಡುವ ಔಷಧಿ ಅದು. ಇನ್ನೊಬ್ಬರು ಅಂಥದ್ದೇ ಔಷಧಿಗೆ ಲಕ್ಷ್ಮಣಧಾರಾ ಅಂತ ಹೆಸರಿಟ್ಟರು. ಅಮೃತಕ್ಕೂ ಲಕ್ಷ್ಮಣನಿಗೂ ಏನು ಸಂಬಂಧ ಅಂತ ಅನ್ನಿಸುತ್ತದೆ ಅಲ್ವಾ? ಆದರೆ ಔಷಧಿ ಕೊಳ್ಳೋಕೆ ಬಂದ ಹಳ್ಳಿಯವರು ಪದ ಬಿಡಿಸಿ ಅರ್ಥ ಹುಡುಕುತ್ತಾ ನಿಲ್ಲುವುದಿಲ್ಲ, ಹೆಸರನ್ನು ಇಡಿಯಾಗಿ ಕೇಳುತ್ತಾರೆ, ಗೊಂದಲ ಆಗಬಹುದು ಅಂತಲೇ ಸುಪ್ರೀಂ ಕೋರ್ಟು ಹೇಳಿತು. ಬಹಳ ವರ್ಷ ಅಮೃತಧಾರಾದವರು ಸುಮ್ಮನಿದ್ದರು ಅನ್ನುವ ಬೇರೆ ಕಾರಣಕ್ಕೆ ಲಕ್ಷ್ಮಣಧಾರಾಕ್ಕೆ ಉತ್ತರ ಪ್ರದೇಶದ ಮಟ್ಟಿಗೆ ಮಾತ್ರ ರಿಜಿಸ್ಟ್ರೇಷನ್ ಸಿಕ್ಕಿತು.

ಇನ್ನು ನಿನ್ನ ದೊಡ್ಡ ವಾದಕ್ಕೆ ಬರುತ್ತೇನೆ. "ನಂದಿನಿ ಅನ್ನೋದು ಯಾರ ಆಸ್ತಿಯೂ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ ದೊಡ್ಡಪ್ಪ" ಅಂದೆ. 2018ರ ನಂದಿನಿ ಡೀಲಕ್ಸ್ ಕೇಸಿನ ಮಾತು ಅದು. ದಯವಿಟ್ಟು ಅದನ್ನು ಪೂರ್ತಿ ಓದು. ಕೆಎಂಎಫ್ ನಂದಿನಿ ಹೆಸರು ಬಳಸಲು ಶುರು ಮಾಡಿದ್ದು 1985ರಲ್ಲಿ. ಬೆಂಗಳೂರಿನ ಆ ಹೋಟೆಲಿನವರು 1989ರಿಂದ ಬಳಸುತ್ತಿದ್ದರು. ಅದು ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೂ ಹೊಸದಾಗಿ ಹುಟ್ಟಿಸಿದ ಪದವಲ್ಲ ಅಂತ ಕೋರ್ಟು ಹೇಳಿದ್ದು ನಿಜ. ಹೋಟೆಲಿನ ಗುರುತಿನಲ್ಲಿ ದೀಪ, ಕೆಎಂಎಫ್ ಗುರುತಿನಲ್ಲಿ ಹಸು. ಅವರದು ಊಟ ತಿಂಡಿ, ಇವರದು ಹಾಲು. ಇಷ್ಟೆಲ್ಲ ಸೇರಿ ಹೋಟೆಲಿನವರು ಗೆದ್ದರು. ಆದರೆ ಹಾಲು, ಹಾಲಿನ ಪದಾರ್ಥಗಳಿಗೆ ನಮಗೆ ಆ ಹೆಸರು ಬೇಡ ಅಂತ ಅವರೇ ಬಿಟ್ಟುಕೊಟ್ಟರು. ಅವುಗಳನ್ನು ಬಿಟ್ಟೇ ಕೋರ್ಟು ರಿಜಿಸ್ಟ್ರೇಷನ್ನಿಗೆ ಒಪ್ಪಿದ್ದು. ನೀನು ಮಾಡುತ್ತಿರೋದು ತುಪ್ಪ, ಪೇಡಾ. ಅವರು ಬಿಟ್ಟುಕೊಟ್ಟ ಜಾಗದಲ್ಲೇ ಹೋಗಿ ಕೂರುತ್ತಿದ್ದೀಯ. ಆ ತೀರ್ಪು ನಿನ್ನ ಪರವಾಗಿಲ್ಲ, ನಿನ್ನ ವಿರುದ್ಧವೇ ಇದೆ.

ಮನೆಯ ಹಸುವಿನ ಹೆಸರು ನಂದಿನಿ, ಅದರ ಮೇಲಿನ ಪ್ರೀತಿಗೆ ಇಟ್ಟೆ ಅಂದೆಯಲ್ಲ, ಅದನ್ನು ನಾನು ನಂಬುತ್ತೇನೆ. ಆದರೆ ಹಸುವಿನ ಹೆಸರು ನಂದಿನಿ ಆಗಿದ್ದರೆ 'ದಿ' ತೆಗೆದು 'ದ' ಯಾಕೆ ಮಾಡಿದೆ? ತೀರಾ ಹತ್ತಿರ ಹೋಗಿದ್ದೇನೆ ಅಂತ ನಿನಗೇ ಅನ್ನಿಸಿತ್ತು. ಎದುರಿನ ವಕೀಲರು ಮೊದಲು ಕೇಳೋ ಪ್ರಶ್ನೆ ಇದೇ. ಹಾಗೆ ನೋಡಿದರೆ, ಮೋಸ ಮಾಡುವ ಮನಸ್ಸಿಲ್ಲದಿದ್ದರೂ ಗಿರಾಕಿಗೆ ಗೊಂದಲ ಆಗುವ ಹಾಗಿದ್ದರೆ ತಪ್ಪು ತಪ್ಪೇ.

ಟ್ರೇಡ್‌ಮಾರ್ಕ್ ಆಫೀಸಿನವರು ಅರ್ಜಿ ಒಪ್ಪಿದರೆ ಸಾಕು ಅಂದುಕೊಳ್ಳಬೇಡ. ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಹೆಸರು ಬಂದ ಮೇಲೂ ನಾಲ್ಕು ತಿಂಗಳು ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಅಷ್ಟರಲ್ಲಿ ನೀನು ಬ್ಯಾಂಕ್ ಸಾಲದಲ್ಲಿ ಪೌಚ್ ಮಾಡಿಸಿ, ಬೋರ್ಡ್ ಬರೆಸಿ, ಗಿರಾಕಿಗಳ ಬಾಯಲ್ಲಿ ಆ ಹೆಸರು ಕೂರಿಸಿರುತ್ತೀಯ. ಅಲ್ಲಿಂದ ಹಿಂದೆ ಬರೋದು ಎಷ್ಟು ಕಷ್ಟ ಅಂತ ನಮ್ಮ ವಕೀಲರ ಆಫೀಸಿಗೆ ಬಂದವರ ಮುಖದಲ್ಲಿ ನೋಡಿದ್ದೇನೆ.

ಪೂರ್ತಿ ಬೇರೆ ಹೆಸರು ಹುಡುಕು. ಎರಡು ಮೂರು ಸಿಕ್ಕ ಮೇಲೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹುಡುಕಿ ನೋಡು, ದುಡ್ಡೇನೂ ಕೊಡಬೇಕಾಗಿಲ್ಲ. ಸರಕುಗಳನ್ನು ಅಲ್ಲಿ ಕ್ಲಾಸ್ ಅಂತ ವಿಂಗಡಿಸಿರುತ್ತಾರೆ, ತುಪ್ಪಕ್ಕೆ 29ನೇ ಕ್ಲಾಸ್, ಸಿಹಿತಿಂಡಿಗೆ 30. ಬರೀ ಕಾಗುಣಿತದ ಮೇಲೆ ಹುಡುಕಿ ಬಿಡಬೇಡ, ಉಚ್ಚಾರಣೆಯ ಮೇಲೂ ಹುಡುಕು. ರಿಜಿಸ್ಟರ್ ಆಗದೆಯೂ ಹತ್ತಿಪ್ಪತ್ತು ವರ್ಷದಿಂದ ಓಡುತ್ತಿರುವ ಹೆಸರುಗಳಿರುತ್ತವೆ, ನಿನಗಿಂತ ಮೊದಲು ಬಳಸಿದವರಿಗೂ ಕೇಸು ಹಾಕುವ ಹಕ್ಕಿದೆ. ಹಾಗಾಗಿ ನಾಲ್ಕು ಅಂಗಡಿ ಸುತ್ತಿ ಬಾ. ಆಮೇಲೆ ನಿಮ್ಮಜ್ಜಿಗೆ ಫೋನಿನಲ್ಲಿ ಒಂದೇ ಸಲ ಹೇಳಿ, ಏನು ಕೇಳಿಸಿತು ಅಂತ ಕೇಳು. ಅವರು ಬೇರೆ ಯಾವುದೋ ಕಂಪನಿ ಹೆಸರು ಹೇಳಿದರೆ ಅದನ್ನೂ ಬಿಟ್ಟುಬಿಡು.

ಒಬ್ಬರ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಒಂದು ಕ್ಲಾಸಿಗೆ 4,500 ರೂಪಾಯಿ. ಎರಡೂ ಕ್ಲಾಸಿನದು ನಾನು ಕಟ್ಟುತ್ತೇನೆ, ಬೇಡ ಅನ್ನಬೇಡ. ಈ ಕಾಗದ ಕೈಗೆ ಬಂದ ದಿನವೇ ಪ್ರಿಂಟರ್‌ಗೆ ಫೋನ್ ಮಾಡಿ ಕವರ್ ಅಚ್ಚು ಹಾಕುವ ಸಿಲಿಂಡರ್ ಕೆಲಸ ನಿಲ್ಲಿಸು. ಕೊಟ್ಟ ಅಡ್ವಾನ್ಸ್ ಹೋದರೆ ಹೋಗಲಿ.

ಇತಿ,
ನಿನ್ನ ದೊಡ್ಡಪ್ಪ