ಚಟ್ನಿಗೆ ಕಡಲೆಬೀಜ ಹಾಕಿ ಇಲ್ಲ ಎಂದರು: ನಿಮ್ಮ ಹಾಸನ ಶಾಖೆಯ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಮುಖ್ಯ ಕಚೇರಿ, ಬೆಂಗಳೂರು

ವಿಷಯ: ಹಾಸನ ಶಾಖೆಯಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದರಿಂದ ಮಗುವಿಗೆ ತೀವ್ರ ಅಲರ್ಜಿಯಾದ ಬಗ್ಗೆ

ಮಾನ್ಯರೇ,

ಕಳೆದ ಭಾನುವಾರ ಬೆಳಿಗ್ಗೆ ನಿಮ್ಮ ಹಾಸನ ಶಾಖೆಯಲ್ಲಿ ತಿಂಡಿ ತಿನ್ನುತ್ತಿದ್ದ ನನ್ನ ಮಗಳನ್ನು ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಅವಳಿಗೆ ಐದು ವರ್ಷ. ಕಡಲೆಬೀಜದ ಅಲರ್ಜಿ ಇದೆ. ಇದನ್ನು ಆರ್ಡರ್ ಕೊಡುವ ಮೊದಲೇ ಹೇಳಿದ್ದೆ. ಚಟ್ನಿಯಲ್ಲಿ ಕಡಲೆಬೀಜ ಇಲ್ಲ ಎಂದು ನಿಮ್ಮವರು ಹೇಳಿದರು. ಆದರೆ ಇತ್ತು.

ನಿಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದಾಗ ಕ್ಷಮೆ ಕೇಳಿ, ಒಂದು ಕೂಪನ್ ಕಳಿಸುತ್ತೇವೆ ಎಂದರು. ನನಗೆ ಕೂಪನ್ ಬೇಡ. ಅಲ್ಲಿ ಏನಾಯಿತು ಎಂಬುದನ್ನು ನೀವು ಪೂರ್ತಿ ಓದಬೇಕು, ಅದಕ್ಕೇ ಈ ಪತ್ರ.

ಅವಳಿಗೆ ಖಾಲಿ ದೋಸೆ ಹೇಳಿದ್ದೆವು. ಸರ್ವರ್ ಮೂರು ಬಟ್ಟಲಿನ ಚಟ್ನಿ ಸ್ಟ್ಯಾಂಡ್ ಹಿಡಿದು ಬಂದರು. ಬಿಳಿ ಚಟ್ನಿ ತೋರಿಸಿ, ಇದಕ್ಕೆ ಕಡ್ಲೆಬೀಜ ಹಾಕಿದ್ದೀರಾ, ಮಗು ತಿಂದ್ರೆ ಉಸಿರು ಕಟ್ಟುತ್ತೆ ಎಂದು ಕೇಳಿದೆ. "ಇಲ್ಲ ಮೇಡಂ, ಬರೀ ಕಾಯಿ, ಹುರಿಗಡಲೆ" ಎಂದರು. ಒಂದ್ಸಲ ಒಳಗೆ ಕೇಳಿ ಬನ್ನಿ ಎಂದೆ. ಅವರು ಎರಡು ಹೆಜ್ಜೆ ಹೋಗಿ, ಅಲ್ಲಿಂದಲೇ ಕೌಂಟರ್ ಕಡೆ ಕೂಗಿ ಕೇಳಿದರು. ಮ್ಯಾನೇಜರ್ ಬಿಲ್ ಮಾಡುತ್ತಾ ತಲೆ ಎತ್ತಿ, ಇಲ್ಲ ಎನ್ನುವಂತೆ ಕೈ ಆಡಿಸಿದರು. ಅಡುಗೆಮನೆಯ ಬಾಗಿಲು ನಮ್ಮ ಟೇಬಲ್‌ನಿಂದ ಕಾಣುತ್ತಿತ್ತು. ಯಾರೂ ಒಳಗೆ ಹೋಗಲಿಲ್ಲ.

ಕೆಲವೇ ತುತ್ತು ತಿಂದಿದ್ದಳು. ಅಮ್ಮಾ, ನಾಲಿಗೆ ಚುಚ್ಚುತ್ತೆ ಎಂದಳು. ನೋಡನೋಡುತ್ತಿದ್ದಂತೆ ತುಟಿ ಊದಿತು, ಕುತ್ತಿಗೆಯ ಸುತ್ತ ದದ್ದು ಎದ್ದವು. ವಾಂತಿ ಮಾಡಿಕೊಂಡಳು. ಆಮೇಲೆ ಕೆಮ್ಮು ಶುರುವಾಗಿ ದನಿ ಒಡೆಯಿತು. ದನಿ ಬದಲಾಯಿತು ಎಂದರೆ ಗಂಟಲಿನ ಒಳಗೂ ಊತ ಬಂದಿದೆ ಎಂದು ನಮ್ಮ ಡಾಕ್ಟರ್ ಮೊದಲೇ ಹೇಳಿಕೊಟ್ಟಿದ್ದರು. ಇಂಥ ತೀವ್ರ ಅಲರ್ಜಿಗೆ ಕೂಡಲೇ ಕೊಡಬೇಕಾದ ಔಷಧ ಅಡ್ರಿನಲಿನ್. ಹೊರದೇಶಗಳಲ್ಲಿ ಪೆನ್ನಿನ ಹಾಗೆ ಒತ್ತಿದರೆ ಸಾಕು ಎನ್ನುವ ಅದರ ಇಂಜೆಕ್ಷನ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ನಮ್ಮಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಡಾಕ್ಟರ್ ತೂಕ ನೋಡಿ ಬರೆದುಕೊಟ್ಟ ಅಳತೆಯ ಚೀಟಿ, ಆಂಪೂಲ್, ಸಿರಿಂಜ್ ಇವನ್ನು ಒಂದು ಡಬ್ಬಿಯಲ್ಲಿ ಹಾಕಿ ಹೋದಲ್ಲೆಲ್ಲಾ ಒಯ್ಯುತ್ತೇವೆ. ನಮ್ಮವರು ಕಾಲು ಅಲ್ಲಾಡದಂತೆ ಹಿಡಿದುಕೊಂಡರು, ನಾನು ತೊಡೆಯ ಹೊರಭಾಗಕ್ಕೆ ಇಂಜೆಕ್ಷನ್ ಕೊಟ್ಟೆ. ನಿಮ್ಮ ಟೇಬಲ್ ಪಕ್ಕದಲ್ಲೇ, ನೆಲದ ಮೇಲೆ.

ಆಗ ನಿಮ್ಮ ಮ್ಯಾನೇಜರ್ ಬಂದು, ಇಷ್ಟೆಲ್ಲಾ ಯಾಕೆ ಮೇಡಂ, ಒಂದು ಅಲರ್ಜಿ ಮಾತ್ರೆ ಕೊಡಿ, ಸರಿಹೋಗುತ್ತೆ ಎಂದರು. ಅವರೊಬ್ಬರೇ ಅಲ್ಲ, ತುಂಬಾ ಜನ ಹೀಗೇ ತಿಳಿದಿದ್ದಾರೆ. ಸೆಟ್ರಿಜಿನ್‌ನಂಥ ಮಾತ್ರೆ ತುರಿಕೆ, ದದ್ದು ಕಡಿಮೆ ಮಾಡುತ್ತದೆ. ಮುಚ್ಚಿಕೊಳ್ಳುತ್ತಿರುವ ಉಸಿರಿನ ದಾರಿಯನ್ನು ತೆರೆಯುವುದಿಲ್ಲ, ಕುಸಿಯುತ್ತಿರುವ ಬಿಪಿಯನ್ನು ಎತ್ತುವುದಿಲ್ಲ. ಆ ಹೊತ್ತಿಗೆ ಬೇಕಾಗಿರುವುದು ಅಡ್ರಿನಲಿನ್, ಅದೂ ತಡ ಮಾಡದೆ. ಇಂಜೆಕ್ಷನ್ ಕೊಟ್ಟು ಸುಧಾರಿಸಿದ ಮೇಲೂ ಆಸ್ಪತ್ರೆಯಲ್ಲಿ ಇರಲೇಬೇಕು. ಕೆಲವರಿಗೆ ಕೆಲವು ಗಂಟೆ ಬಿಟ್ಟು ಎಲ್ಲಾ ಲಕ್ಷಣ ಮತ್ತೆ ಬರುತ್ತವೆ. ಆ ರಾತ್ರಿ ಅವಳನ್ನು ಅಲ್ಲೇ ಇಟ್ಟುಕೊಂಡಿದ್ದರು. ಮರುದಿನ ಮನೆಗೆ ಬಂದಳು, ಈಗ ಹುಷಾರಾಗಿದ್ದಾಳೆ.

ಇದರ ಮಧ್ಯೆ ಒಬ್ಬರ ಉಪಕಾರ ಹೇಳಲೇಬೇಕು. ಟೇಬಲ್ ಒರೆಸುತ್ತಿದ್ದ ಹುಡುಗ ಯಾರೂ ಹೇಳದೆ ರಸ್ತೆಗೆ ಓಡಿ, ಗೇಟಿಗೆ ಅಡ್ಡ ನಿಂತಿದ್ದ ಗಾಡಿ ತೆಗೆಸಿ, ನಮ್ಮ ಕಾರಿಗೆ ದಾರಿ ಮಾಡಿಕೊಟ್ಟ. ಅವನಿಗೆ ನಮ್ಮ ಕೃತಜ್ಞತೆ ತಿಳಿಸಿ.

ಸಂಜೆ ನಮ್ಮವರು ನಿಮ್ಮ ಶಾಖೆಗೆ ವಾಪಸ್ ಹೋಗಿ ಅಡುಗೆಯವರನ್ನೇ ಕೇಳಿದರು. ಅವರು ಮುಚ್ಚಿಡಲಿಲ್ಲ. ತೆಂಗಿನಕಾಯಿ ಬೆಲೆ ಏರಿದ ಮೇಲೆ ಕಾಯಿ ಕಡಿಮೆ ಮಾಡಿ, ಚಟ್ನಿ ಗಟ್ಟಿಯಾಗಲಿ ಎಂದು ಹುರಿದ ಕಡಲೆಬೀಜ ಸೇರಿಸುತ್ತಿದ್ದಾರಂತೆ. ಸಿಪ್ಪೆ ತೆಗೆದು ನುಣ್ಣಗೆ ರುಬ್ಬಿದರೆ ಬಣ್ಣದಲ್ಲಿ ಗೊತ್ತೇ ಆಗುವುದಿಲ್ಲ. "ನಮ್ಮನ್ನ ಯಾರೂ ಕೇಳ್ಲಿಲ್ಲ ಸಾರ್, ಕೇಳಿದ್ರೆ ಹೇಳ್ತಿದ್ವಿ" ಎಂದರು. ನನ್ನ ದೂರಿನ ತಿರುಳು ಇದೇ. ಸರಿಯಾದ ಉತ್ತರ ನಿಮ್ಮ ಅಡುಗೆಮನೆಯಲ್ಲಿತ್ತು. ಅದನ್ನು ತರಲು ಯಾರೂ ಹೋಗಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದರು.

ಗೊತ್ತಿಲ್ಲ ಎಂದಿದ್ದರೆ ನಾವು ಚಟ್ನಿ ಮುಟ್ಟುತ್ತಿರಲಿಲ್ಲ. ಮನೆಯಿಂದ ತಂದಿದ್ದ ಬೆಲ್ಲ, ತುಪ್ಪ ಬ್ಯಾಗಿನಲ್ಲೇ ಇತ್ತು, ಅದರ ಜೊತೆ ದೋಸೆ ತಿನ್ನಿಸುತ್ತಿದ್ದೆ. ಅಲರ್ಜಿ ಇರುವ ಮಗುವಿನ ಮನೆಯವರಿಗೆ ಗೊತ್ತಿಲ್ಲ ಎಂಬ ಉತ್ತರದಿಂದ ಬೇಜಾರಾಗುವುದಿಲ್ಲ. ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ನಿಪ್ಪಟ್ಟು ಇವುಗಳಲ್ಲಿ ಕಡಲೆಬೀಜ ಕಣ್ಣಿಗೆ ಕಾಣುತ್ತದೆ, ನಾವೇ ದೂರ ಇಡುತ್ತೇವೆ. ಎಣ್ಣೆಗಾಯಿಯ ಮಸಾಲೆ, ಚಟ್ನಿಪುಡಿ, ರುಬ್ಬಿದ ಚಟ್ನಿ ಇವುಗಳಲ್ಲಿ ಕಾಣುವುದಿಲ್ಲ. ಅಲ್ಲಿ ನಿಮ್ಮ ಮಾತೊಂದೇ ನಮಗೆ ಆಧಾರ. ಎಣ್ಣೆ ವಿಷಯದಲ್ಲೂ ಅಷ್ಟೆ. ಚೆನ್ನಾಗಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಅಲರ್ಜಿ ಮಾಡುವ ಪ್ರೋಟೀನ್ ಹೆಚ್ಚುಕಡಿಮೆ ಹೋಗಿರುತ್ತದೆ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಈಗ ಗಾಣದ ಎಣ್ಣೆ ಬಳಸುವ ಹೋಟೆಲ್‌ಗಳು ಜಾಸ್ತಿಯಾಗಿವೆ, ಹಾಗಾಗಿ ಯಾವ ಎಣ್ಣೆ ಎಂದು ನಾವು ಕೇಳಿದರೆ ಅದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ.

ಫೋನಿನಲ್ಲಿ ಮಾತಾಡಿದ ನಿಮ್ಮ ಪ್ರತಿನಿಧಿ ಇನ್ನೂ ಒಂದು ಮಾತು ಹೇಳಿದರು. ಇಷ್ಟು ಅಲರ್ಜಿ ಇರುವ ಮಗುವನ್ನು ಹೊರಗೆ ತಿನ್ನಿಸಬಾರದು ಮೇಡಂ, ಅಲ್ವಾ ಎಂದರು. ಆ ಮಾತು ನನಗೆ ಬಹಳ ನೋವು ಕೊಟ್ಟಿದೆ. ಅವಳು ಶಾಲೆಗೆ ಹೋಗುವ ಮಗು. ಅಜ್ಜಿ ಮನೆಗೆ, ಮದುವೆಗೆ, ಬೇಲೂರು ಹಳೇಬೀಡಿಗೆ ಎಲ್ಲರ ಜೊತೆ ಹೊರಡುತ್ತಾಳೆ. ದಾರಿಯಲ್ಲಿ ಅಣ್ಣ ಅಕ್ಕಂದಿರು ಹೋಟೆಲ್ ಒಳಗೆ ಹೋದರೆ ಅವಳು ಕಾರಿನಲ್ಲೇ ಕೂತಿರಬೇಕೇ? ಜೀವನಪೂರ್ತಿ? ನಾವು ಕೇಳುತ್ತಿರುವುದು ಬೇರೆ ಅಡುಗೆಯನ್ನಲ್ಲ, ನಿಜವಾದ ಉತ್ತರವನ್ನು.

ನಿಜವಾದ ಉತ್ತರ ಕೊಡುವುದು ನಿಮ್ಮ ಕರ್ತವ್ಯವೂ ಹೌದು. ಹತ್ತಕ್ಕಿಂತ ಹೆಚ್ಚು ಊರುಗಳಲ್ಲಿ ಶಾಖೆ ಇದೆ ಎಂದು ನಿಮ್ಮ ಮೆನು ಕಾರ್ಡಿನ ಹಿಂದೆ ನೀವೇ ಹಾಕಿಕೊಂಡಿದ್ದೀರಿ. ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ಮತ್ತು ಡಿಸ್‌ಪ್ಲೇ ನಿಯಮಗಳ ಪ್ರಕಾರ, ಕೇಂದ್ರ ಲೈಸೆನ್ಸ್ ಇರುವ ಅಥವಾ 10 ಇಲ್ಲವೇ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕು, ಅಲರ್ಜಿ ತರುವ ಪದಾರ್ಥಗಳ ಮಾಹಿತಿಯನ್ನೂ ಕೊಡಬೇಕು. ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿ, ಸೋಯಾ, ಸಲ್ಫೈಟ್ ಜೊತೆಗೆ ಕಡಲೆಬೀಜ, ಗೋಡಂಬಿಯಂಥವೂ ಆ ಪಟ್ಟಿಯಲ್ಲಿವೆ. ನಿಮ್ಮ ಮೆನುವಿನಲ್ಲಿ ಪ್ರತಿ ದೋಸೆಯ ಮುಂದೆ ಕ್ಯಾಲೊರಿ ಇದೆ. ದಿನಕ್ಕೆ 2,000 ಕಿಲೋ ಕ್ಯಾಲೊರಿ ಬೇಕು ಎಂಬ ಸಾಲೂ ಕೆಳಗಿದೆ. ಅಲರ್ಜಿ ಬಗ್ಗೆ ಒಂದಕ್ಷರ ಇಲ್ಲ. ಫೋಟೋ ಲಗತ್ತಿಸಿದ್ದೇನೆ.

ಹಾಗಾಗಿ ಮೊದಲು ಮೆನು ಸರಿ ಮಾಡಿ, ಕನ್ನಡದಲ್ಲೂ ಇರಲಿ. ಆದರೆ ಮೆನು ಅಚ್ಚು ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ನಿಮ್ಮಲ್ಲಿ ಅಡುಗೆಯ ಸಾಮಾನು ಬೆಲೆ ನೋಡಿ ಬದಲಾಗುತ್ತದೆ ಎಂದು ಈಗ ಗೊತ್ತಾಗಿದೆ. ಬದಲಾದ ದಿನವೇ ಅಡುಗೆಮನೆಯ ಬಾಗಿಲ ಬಳಿ ಒಂದು ಬೋರ್ಡಿನ ಮೇಲೆ ಬರೆಯಿರಿ: ಇವತ್ತು ಯಾವ ಚಟ್ನಿಗೆ ಏನು ಹಾಕಿದೆ, ಯಾವ ಎಣ್ಣೆ ಬಳಸಿದೆ ಎಂದು. ಅಡುಗೆಯವರು, ಸರ್ವರ್‌ಗಳು ಎಲ್ಲರೂ ಕನ್ನಡ ಓದುವವರಲ್ಲ, ಅವರಿಗೆ ತಿಳಿಯುವ ಭಾಷೆಯಲ್ಲೂ ಇರಲಿ. ಗ್ರಾಹಕರು ಅಲರ್ಜಿ ಎಂದ ಕೂಡಲೇ ಸರ್ವರ್ ತಾನಾಗಿ ಉತ್ತರ ಕೊಡದೆ, ಒಳಗೆ ಹೋಗಿ ಅಡುಗೆಯವರನ್ನೇ ಕೇಳಿ ಬರಬೇಕು. ಭಾನುವಾರದ ರಶ್ ಇದ್ದರೂ ಅಷ್ಟೇ. 25 ಕೆಲಸಗಾರರಿಗೆ ಒಬ್ಬರಾದರೂ ಎಫ್‌ಎಸ್‌ಎಸ್‌ಎಐ ತರಬೇತಿ ಪಡೆದ ಮೇಲ್ವಿಚಾರಕರು ಇರಬೇಕು. ಹಾಸನ ಶಾಖೆಯಲ್ಲಿ ಅವರು ಯಾರು, ಅಲರ್ಜಿ ಬಗ್ಗೆ ಉಳಿದವರಿಗೆ ಏನು ಹೇಳಿಕೊಟ್ಟಿದ್ದಾರೆ ಎಂದು ನನಗೆ ತಿಳಿಸಿ.

ತರಬೇತಿಯಲ್ಲಿ ಸೌಟಿನ ವಿಷಯವೂ ಬರಲಿ. ನಿಮ್ಮ ಚಟ್ನಿ ಸ್ಟ್ಯಾಂಡಿನ ಮೂರೂ ಬಟ್ಟಲಿಗೆ ಒಂದೇ ಸೌಟು ಅದ್ದುತ್ತಿದ್ದರು. ಹಾಗೆ ಮಾಡಿದರೆ ಕಡಲೆಬೀಜ ಇಲ್ಲದ ಚಟ್ನಿಗೂ ಅದು ಬಂದೇ ಬರುತ್ತದೆ. ಹುರಿದರೆ, ಬೇಯಿಸಿದರೆ ಅಲರ್ಜಿಯ ಪ್ರೋಟೀನ್ ಸತ್ತು ಹೋಗುತ್ತದೆ ಎಂದು ಯಾರೂ ಅಂದುಕೊಳ್ಳಬಾರದು, ಹೋಗುವುದಿಲ್ಲ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೂ ಹೋಗುವುದಿಲ್ಲ. ಸೋಪು, ನೀರು ಹಾಕಿ ತೊಳೆಯಬೇಕು. ಮೇಲೆ ಕಾಣುವ ಬೀಜ ಆರಿಸಿ ತೆಗೆದು ಅದೇ ತಟ್ಟೆ ಕೊಡುವುದೂ ಸುರಕ್ಷಿತವಲ್ಲ.

ದಯವಿಟ್ಟು ಆ ಸರ್ವರ್‌ನ ಕೆಲಸ ಕಿತ್ತುಕೊಂಡು ಈ ದೂರು ಮುಗಿಸಬೇಡಿ. ಚಟ್ನಿ ಬದಲಾಗಿದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅದನ್ನು ಹೇಳುವ ವ್ಯವಸ್ಥೆಯೇ ನಿಮ್ಮಲ್ಲಿ ಇಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಮುಖ್ಯ ಕಚೇರಿಯವರು.

ಆಸ್ಪತ್ರೆಯ ಖರ್ಚು ಭರಿಸಿ ಎಂದು ಕೇಳುತ್ತಿದ್ದೇನೆ, ಬಿಲ್‌ಗಳ ಪ್ರತಿ ಇದರ ಜೊತೆಗಿದೆ. ಅದಕ್ಕಿಂತ ಜಾಸ್ತಿ ಹಣ ಬೇಡ. ಮೇಲೆ ಹೇಳಿದ ಬದಲಾವಣೆಗಳು ಮಾತ್ರ ಈ ವರ್ಷ ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆಯುವ ಮೊದಲು ಆಗಿರಬೇಕು. ದೀಪಾವಳಿ ಹೊತ್ತಿನ ಆ ದಿನಗಳಲ್ಲಿ ರಾಜ್ಯದ ಎಲ್ಲಾ ಕಡೆಯಿಂದ ಲಕ್ಷಾಂತರ ಜನ ಹಾಸನಕ್ಕೆ ಬರುತ್ತಾರೆ, ಕ್ಯೂನಲ್ಲಿ ನಿಂತು ಹಸಿದ ಮಕ್ಕಳನ್ನು ಕರೆದುಕೊಂಡು ನಿಮ್ಮಂಥ ಹೋಟೆಲ್‌ಗೇ ಬರುತ್ತಾರೆ. ಅವರಲ್ಲಿ ಎಷ್ಟೋ ಜನ ಇಂಜೆಕ್ಷನ್ ಡಬ್ಬಿ ಇಟ್ಟುಕೊಂಡಿರುವುದಿಲ್ಲ. ಮಗುವಿಗೆ ಅಲರ್ಜಿ ಇದೆ ಎಂಬುದೇ ಕೆಲವರಿಗೆ ಗೊತ್ತಿರುವುದಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಬಾರದಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಊಟದ ಬಿಲ್, ಮೆನುವಿನ ಫೋಟೋ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಎಲ್ಲವೂ ನನ್ನ ಹತ್ತಿರ ಇವೆ.

ಇಂತಿ ತಮ್ಮ ವಿಶ್ವಾಸಿ,
ಮಗುವಿನ ತಾಯಿ
ಹಾಸನ

ಲಗತ್ತುಗಳು: ಊಟದ ಬಿಲ್, ಮೆನು ಕಾರ್ಡಿನ ಎರಡೂ ಬದಿಯ ಫೋಟೋ, ಆಸ್ಪತ್ರೆಯ ಬಿಲ್ ಮತ್ತು ಡಿಸ್ಚಾರ್ಜ್ ಚೀಟಿ